ಬಕೆಟ್ಟಿನ ನಲ್ಲಿ ಬಿಚ್ಚಿ ನೋಡಿ

ಮನೆಯಲ್ಲೇ ಬಿಯರ್ ಮಾಡಲು ಶುರು ಮಾಡಿದ ನಮ್ಮ ಹುಡುಗರು ಫೋನ್ ಮಾಡಿದಾಗಲೆಲ್ಲ ಯಾವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ತರಲಿ, ಯಾವ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಹಾಕಲಿ ಅಂತಲೇ ಕೇಳುತ್ತಾರೆ. ಅದೆಲ್ಲ ಆಮೇಲೆ, ಮೊದಲು ಪಾತ್ರೆ ತೊಳೆಯುವುದು ಕಲಿಯಿರಿ ಅನ್ನುತ್ತೇನೆ ನಾನು. ಮಿನ್ನೆಸೋಟಾದ ಈ ಮನೆಯ ನೆಲಮಾಳಿಗೆಯಲ್ಲಿ 25 ವರ್ಷದಿಂದ ಬಿಯರ್ ಮಾಡುತ್ತಿದ್ದೇನೆ. ನನ್ನ ಕೈಯಲ್ಲಿ ಕೆಟ್ಟ ಬಿಯರಿನಲ್ಲಿ ಹೆಚ್ಚಿನದು ಕೆಟ್ಟದ್ದು ಬಿಚ್ಚಿ ತೊಳೆಯದೆ ಬಿಟ್ಟ ಯಾವುದೋ ಸಣ್ಣ ಭಾಗದಿಂದಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ ಮನೆಬಳಕೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವ ಹಾಗಿಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಊರಲ್ಲಿರುವವರು ಇದಕ್ಕೆ ಕೈ ಹಾಕಬೇಡಿ.

ನಮ್ಮಮ್ಮ ಮಾವಿನ ಮಿಡಿ ಹಾಕುವ ಮುಂಚೆ ಭರಣಿ ತೊಳೆದು, ಬಿಸಿಲಿಗೆ ಬೋರಲಾಗಿಟ್ಟು ಒಣಗಿಸಿ, ಆಮೇಲೆ ಕೆಂಡದ ಮೇಲೆ ಇಂಗು ಹಾಕಿ ಒಳಗೆಲ್ಲ ಹೊಗೆ ಹಿಡಿಸುತ್ತಿದ್ದರು. ತೊಳೆಯುವುದು ಬೇರೆ, ಹೊಗೆ ಕೊಡುವುದು ಬೇರೆ. ಜಿಡ್ಡಿರುವ ಭರಣಿಗೆ ಎಷ್ಟು ಹೊಗೆ ಕೊಟ್ಟರೂ ಉಪ್ಪಿನಕಾಯಿಗೆ ಬೂಸ್ಟು ಬರುತ್ತದೆ ಅನ್ನುತ್ತಿದ್ದರು. ಬಿಯರಿಗೂ ಇದೇ ಲೆಕ್ಕ. ಕೊಳೆ ತೆಗೆಯುವುದು ಮೊದಲ ಕೆಲಸ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಎರಡನೆಯದು. ಕೊಳೆಯ ಕೆಳಗೆ ಅಡಗಿದ್ದನ್ನು ಯಾವ ಸ್ಯಾನಿಟೈಸರೂ ಮುಟ್ಟಲಾರದು.

ಕೊಳೆ ತೆಗೆಯಲು ಪಿಬಿಡಬ್ಲ್ಯೂ ಅನ್ನುವ ಪುಡಿ, ಇಲ್ಲವೇ ಬಟ್ಟೆ ಒಗೆಯುವ, ವಾಸನೆ ಬೆರೆಸದ ಆಕ್ಸಿಕ್ಲೀನ್ ಸಾಕು. ಬೆಚ್ಚಗಿನ ನೀರಿಗೆ ಹಾಕಿ ಅರ್ಧ ಗಂಟೆ ನೆನೆಸಿಟ್ಟರೆ ಒಣಗಿ ಹಿಡಿದ ಯೀಸ್ಟ್ ತಾನೇ ಬಿಡುತ್ತದೆ, ಆಮೇಲೆ ಜಾಲಿಸಿ ತೊಳೆಯಿರಿ. ಘಮಘಮ ಅನ್ನುವ ಪಾತ್ರೆ ಸೋಪು ಬೇಡ, ಅದರ ವಾಸನೆ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಬಿಯರಿನ ನೊರೆಯೂ ನಿಲ್ಲುವುದಿಲ್ಲ. ಸ್ಕ್ರಬ್ಬರ್ ಅಂತೂ ಪ್ಲಾಸ್ಟಿಕ್ ಬಕೆಟ್ಟಿನ ಹತ್ತಿರ ತರಲೇಬೇಡಿ. ಅದು ಎಳೆದ ಒಂದೊಂದು ಗೀರೂ ಬ್ಯಾಕ್ಟೀರಿಯಾಗಳಿಗೆ ಮನೆ. ಗೀರು ಬಿದ್ದ ಬಕೆಟ್ಟನ್ನು ನಾನು ಮಾಲ್ಟ್ ತುಂಬಿಡಲು ಇಟ್ಟುಕೊಂಡು ಬಿಯರಿಗೆ ಹೊಸದು ತರುತ್ತೇನೆ. ಆ ದುಡ್ಡಿಗೆ ಜಿಪುಣತನ ಮಾಡಬೇಡಿ.

ಎರಡನೆಯ ಕೆಲಸಕ್ಕೆ ನನ್ನ ಕೈ ಹೋಗುವುದು ಸ್ಟಾರ್ ಸ್ಯಾನ್ ಅನ್ನುವ ದ್ರವ ಸ್ಯಾನಿಟೈಸರ್ ಕಡೆಗೆ. 19 ಲೀಟರ್ ನೀರಿಗೆ 30 ಮಿಲಿ. ಅಷ್ಟೊಂದು ಬೇಡವಾದರೆ ಲೀಟರಿಗೆ ಒಂದೂವರೆ ಮಿಲಿ, ಮಕ್ಕಳಿಗೆ ಔಷಧಿ ಕುಡಿಸುವ ಸಿರಿಂಜಿನಲ್ಲಿ ಅಳೆದು ಸ್ಪ್ರೇ ಬಾಟಲಿಗೆ ತುಂಬಿಟ್ಟುಕೊಳ್ಳಿ. ಎರಡು ನಿಮಿಷ ಆ ಜಾಗ ಒದ್ದೆಯಾಗಿರಬೇಕು, ಅಷ್ಟೇ. ಅದರ ನೊರೆ ನೋಡಿ ಹೆದರಿ ನಲ್ಲಿ ನೀರಿನಲ್ಲಿ ತೊಳೆಯಲು ಹೋಗಬೇಡಿ, ಮಾಡಿದ ಕೆಲಸವೆಲ್ಲ ಆ ನೀರಿನಲ್ಲೇ ಹೋಗುತ್ತದೆ. ಹೇಳಿದ ಪ್ರಮಾಣದಲ್ಲಿದ್ದರೆ ಆ ನೊರೆ ಬಿಯರನ್ನೂ ಕೆಡಿಸುವುದಿಲ್ಲ, ಕುಡಿದವರಿಗೂ ಏನೂ ಮಾಡುವುದಿಲ್ಲ. ನೀರು ಬೆರೆಸದ ಸ್ಟಾರ್ ಸ್ಯಾನ್ ಮಾತ್ರ ಕಟುವಾದ ಆಸಿಡ್, ಗ್ಲೌಸ್ ಹಾಕಿಕೊಂಡೇ ಮುಟ್ಟಿ.

ಬ್ಲೀಚ್ ಅಗ್ಗ ಅಂತ ಕೆಲವರು ಅದನ್ನೇ ಬಳಸುತ್ತಾರೆ. ಸರಿಯಾಗಿ ತೊಳೆಯದೆ ಒಂದಿಷ್ಟು ಉಳಿದರೂ ಬಿಯರಿಗೆ ಬ್ಯಾಂಡೇಜಿನ ವಾಸನೆ ಬರುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ: ಬ್ಲೀಚಿಗೆ ಆಸಿಡ್ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಸ್ಟಾರ್ ಸ್ಯಾನ್ ಇರುವ ಮನೆಯಲ್ಲಿ ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ.

ಕುದಿಯುವ ತನಕ ಮಾಲ್ಟಿನ ಸಿಹಿ ನೀರಿಗೆ ಯಾವ ಭಯವೂ ಇಲ್ಲ, ಪಾತ್ರೆ ಸೌಟು ಶುಭ್ರವಾಗಿದ್ದರೆ ಸಾಕು. ಒಲೆ ಆರಿಸಿದ ಮೇಲೆ ಎಚ್ಚರ. ಆರಿದ ಆ ಸಿಹಿ ನೀರು ಯೀಸ್ಟಿಗೆ ಎಷ್ಟು ಇಷ್ಟವೋ ಬೇಡದ ಬ್ಯಾಕ್ಟೀರಿಯಾಗಳಿಗೂ ಅಷ್ಟೇ ಇಷ್ಟ. ಅಲ್ಲಿಂದ ಮುಂದೆ ಅದಕ್ಕೆ ತಗಲುವ ಪ್ರತಿಯೊಂದೂ, ಥರ್ಮಾಮೀಟರ್, ಮುಚ್ಚಳ, ಯೀಸ್ಟ್ ಪೊಟ್ಟಣ, ಅದನ್ನು ಕತ್ತರಿಸುವ ಕತ್ತರಿ, ಎಲ್ಲವೂ ಸ್ಯಾನಿಟೈಸರಿನಲ್ಲಿ ಮಿಂದು ಬರಬೇಕು. ತಣಿಸುವ ತಾಮ್ರದ ಸುರುಳಿಯನ್ನು ಕುದಿ ಮುಗಿಯಲು 15 ನಿಮಿಷ ಇರುವಾಗಲೇ ಒಳಗಿಳಿಸಿಬಿಡಿ, ಕುದಿಯೇ ಅದನ್ನು ನೋಡಿಕೊಳ್ಳುತ್ತದೆ. ಪೈಪಿನ ತುದಿ ಬಾಯಲ್ಲಿಟ್ಟು ಬಿಯರ್ ಎಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನಮ್ಮ ಬಾಯಿ ತುಂಬ ಬ್ಯಾಕ್ಟೀರಿಯಾ.

ಈಗ ಆ ನಲ್ಲಿಯ ವಿಷಯ. ಒಂದು ಚಳಿಗಾಲ ಮೇಲಿಂದ ಮೇಲೆ ಮೂರು ಸಲ ಮಾಡಿದ ಬಿಯರ್ ಬಾಟಲಿಗೆ ತುಂಬುವಾಗ ಚೆನ್ನಾಗಿತ್ತು, ತಿಂಗಳು ಕಳೆಯುವಷ್ಟರಲ್ಲಿ ಹುಳಿ. ಮುಚ್ಚಳ ತೆಗೆದರೆ ಅರ್ಧ ಬಾಟಲಿ ಉಕ್ಕಿ ನೆಲದ ಪಾಲು. ಯೀಸ್ಟ್ ಬದಲಿಸಿದೆ, ಪೈಪು ಹೊಸದು ತಂದೆ, ಏನೂ ಉಪಯೋಗವಾಗಲಿಲ್ಲ. ಕೊನೆಗೆ ಬಾಟಲಿ ತುಂಬುವ ಬಕೆಟ್ಟಿನ ಪ್ಲಾಸ್ಟಿಕ್ ನಲ್ಲಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು, ಮರದ ಚಮಚದ ಹಿಡಿಯಿಂದ ಹಿಂದಿನಿಂದ ಒತ್ತಿದೆ. ಒಂದೇ ತುಂಡು ಅಂದುಕೊಂಡಿದ್ದ ನಲ್ಲಿ ಎರಡಾಗಿ ಬಿಚ್ಚಿಕೊಂಡಿತು. ತಿರುಗುವ ಭಾಗದ ಸುತ್ತ ಕಂದು ಬಣ್ಣದ ಲೋಳೆ, ಬೆರಳಿಗೆ ಅಂಟುವಷ್ಟು ದಪ್ಪ, ಮೂಗಿನ ಹತ್ತಿರ ಹಿಡಿದರೆ ಹಳಸಿದ ಗಂಜಿಯ ವಾಸನೆ. ಪ್ರತಿ ಸಲವೂ ಆ ನಲ್ಲಿಯ ಮೂಲಕ ಸ್ಯಾನಿಟೈಸರ್ ಹರಿಸಿದ್ದೆ. ಅದು ನಡುವಿನ ತೂತಿನಲ್ಲಿ ಹರಿದುಹೋಗಿತ್ತೇ ಹೊರತು ಈ ಸಂದಿಯನ್ನು ಮುಟ್ಟಿರಲಿಲ್ಲ. 60 ಲೀಟರಿಗೂ ಸ್ವಲ್ಪ ಕಡಿಮೆ ಬಿಯರನ್ನು ಬಚ್ಚಲಿಗೆ ಸುರಿದೆ. ಅಂದಿನಿಂದ ಪ್ರತಿ ಸಲ ನಲ್ಲಿ ಬಿಚ್ಚುತ್ತೇನೆ, ವಾಷರ್ ಕೂಡ ಕಳಚಿ ನೆನೆಹಾಕುತ್ತೇನೆ.

ಹಾಗೆ ಉಕ್ಕುವ ಬಿಯರನ್ನು ಕಪಾಟಿನಲ್ಲಿ ಉಳಿಸಿಕೊಳ್ಳಬೇಡಿ. ಒತ್ತಡ ಏರಿ ಗಾಜಿನ ಬಾಟಲಿ ಸಿಡಿಯಬಹುದು. ಕನ್ನಡಕ, ದಪ್ಪ ಗ್ಲೌಸ್ ಹಾಕಿಕೊಂಡು ಹುಷಾರಾಗಿ ಸಾಗಿಸಿ.

ಖಾಲಿ ಬಾಟಲಿಗೆ ನನ್ನದು ಒಂದೇ ನಿಯಮ: ಲೋಟಕ್ಕೆ ಬಗ್ಗಿಸಿದ ಕೂಡಲೇ, ಗುಟುಕು ಕುಡಿಯುವ ಮುಂಚೆ, ಮೂರು ಸಲ ಬಿಸಿನೀರಿನಲ್ಲಿ ಕುಲುಕಿ ಬೋರಲು ಹಾಕುವುದು. ತಳದ ಯೀಸ್ಟ್ ಹಸಿಯಿದ್ದಾಗ ನೀರಿಗೇ ಹೋಗುತ್ತದೆ, ಒಂದು ರಾತ್ರಿ ಒಣಗಿದರೆ ಬ್ರಶ್ಶಿಗೂ ಬಗ್ಗುವುದಿಲ್ಲ. ತುಂಬುವ ದಿನ ಒಂದೊಂದನ್ನೂ ದೀಪಕ್ಕೆ ಹಿಡಿದು ತಳ ನೋಡುತ್ತೇನೆ, ಉಂಗುರದ ಹಾಗೆ ಕಲೆ ಕಂಡರೆ ಅದು ಮತ್ತೆ ನೆನೆಯುವ ಬಕೆಟ್ಟಿಗೆ.

ಎಲ್ಲ ಮುಗಿದ ಮೇಲೆ ಬಕೆಟ್ಟಿನ ಮುಚ್ಚಳ ಬಿಗಿಯಬೇಡಿ, ಓರೆಯಾಗಿ ಇಡಿ. ನಲ್ಲಿಯ ಎರಡು ತುಂಡುಗಳನ್ನು ಜೋಡಿಸದೆ ಬಟ್ಟೆಯ ಮೇಲೆ ಹರವಿ ಒಣಗಲು ಬಿಡಿ, ಮುಂದಿನ ಸಲ ತುಂಬುವ ದಿನ ಬೆಳಿಗ್ಗೆ ಸ್ಯಾನಿಟೈಸರಿನಲ್ಲಿ ಅದ್ದಿ ಜೋಡಿಸಿದರೆ ಆಯಿತು.