ಓಶಾವಾದಿಂದ ಸಕಲೇಶಪುರಕ್ಕೆ ಬಂದ ಮಿಲ್ಟ್ರಿ ಲಾರಿ

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಶೆಡ್ಡಿನಲ್ಲಿ ಈ ಲಾರಿ ಮೂವತ್ತು ವರ್ಷ ನಿಂತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ತೋಟದವರ ಅಜ್ಜ ಮಿಲ್ಟ್ರಿ ಡಿಸ್ಪೋಸಲ್‌ನಲ್ಲಿ, ಅಂದರೆ ಸೈನ್ಯ ಬೇಡವಾದ ಸಾಮಾನು ಮಾರುವಾಗ ಕೊಂಡು, ಮರ ಸಾಗಿಸೋಕೆ ಇಟ್ಟುಕೊಂಡಿದ್ದರಂತೆ. "ಹಳೇ ಫೋರ್ಡ್ ಅಣ್ಣ, ಓಡೋ ಹಾಗೆ ಮಾಡಿಕೊಡಿ" ಅಂತ ಮೊಮ್ಮಗ ನನ್ನ ಗ್ಯಾರೇಜಿಗೆ ಬಂದರು.

ನಾನು ಸ್ಪ್ಯಾನರ್ ಹಿಡಿಯೋ ಮೊದಲು ಕ್ಯಾಬಿನ್ ಒಳಗಿದ್ದ ತಗಡಿನ ಪ್ಲೇಟಿಗೆ ಸೀಮೆಎಣ್ಣೆ ಹಾಕಿ ಉಜ್ಜಿದೆ. ಫೋರ್ಡ್ ಅಲ್ಲ, ಷೆವರ್ಲೆ. ಕೆನಡಾದ ಓಶಾವಾ ಕಾರ್ಖಾನೆಯದು. ಮಾಡೆಲ್ ಸಿ60ಎಲ್: ಸಿ ಅಂದರೆ ಷೆವರ್ಲೆ, 60 ಹಂಡ್ರೆಡ್‌ವೇಟ್ ಅಂದರೆ 3 ಟನ್ ಹೊರೆ, ಎಲ್ ಅಂದರೆ ಉದ್ದ ಚಾಸಿ. ಅವರಿಗೆ ಗೊಂದಲ ಆದದ್ದು ಸಹಜ. ಯುದ್ಧಕ್ಕಾಗಿ ಫೋರ್ಡ್ ಮತ್ತು ಷೆವರ್ಲೆ ಎರಡೂ ಒಂದೇ ನಮೂನೆಯ ಗಾಡಿ ಕಟ್ಟಿದ್ದವು, ಮೂತಿ ಹೆಚ್ಚುಕಮ್ಮಿ ಒಂದೇ. ಎಂಜಿನ್ ಮಾತ್ರ ಬೇರೆ: ಫೋರ್ಡಿಗೆ ವಿ8, ಷೆವರ್ಲೆಗೆ ಸಾಲಾಗಿ 6 ಸಿಲಿಂಡರ್.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಟೀರಿಂಗ್. ಕೆನಡಾದಲ್ಲಿ ಗಾಡಿ ಬಲಕ್ಕೆ ಓಡುತ್ತೆ, ಸ್ಟೀರಿಂಗ್ ಎಡಕ್ಕಿರುತ್ತೆ. ಇದಕ್ಕೆ ಬಲಕ್ಕಿದೆ. ಅಂದರೆ ಡ್ರಾಯಿಂಗ್ ಬರೆಯುವಾಗಲೇ ಬ್ರಿಟಿಷ್ ಸೈನ್ಯದ ಅಳತೆ ಹಿಡಿದಿದ್ದರು, ಅಲ್ವಾ? ಹಾಗಾದರೆ ದುಡ್ಡು ಕೊಟ್ಟವರು ಯಾರು? ಇದನ್ನು ಓದಿ ತಿಳಿದುಕೊಳ್ಳೋಕೆ ನನಗೆ ಒಂದು ಮಳೆಗಾಲ ಹಿಡಿಯಿತು.

ಮೊದಮೊದಲು ಬ್ರಿಟನ್ ಚಿನ್ನ, ಡಾಲರ್ ಕೊಟ್ಟು ಕೊಂಡಿತು. ಅದು ಬೇಗ ಬರಿದಾಯಿತು. ಅಮೆರಿಕ 1941ರ ಮಾರ್ಚ್‌ನಲ್ಲಿ ಲೆಂಡ್-ಲೀಸ್ ಕಾನೂನು ತಂದು, ಕೈಯಲ್ಲಿ ಕಾಸಿಲ್ಲದ ಮಿತ್ರದೇಶಗಳಿಗೂ ಗಾಡಿ ಕೊಡತೊಡಗಿತು. ಕೆನಡಾ ಬೇರೆ ದಾರಿ ಹಿಡಿಯಿತು. 1942ರಲ್ಲಿ ಬ್ರಿಟನ್‌ಗೆ 100 ಕೋಟಿ ಡಾಲರನ್ನು ಉಡುಗೊರೆಯಾಗಿಯೇ ಕೊಟ್ಟಿತು, ಜೊತೆಗೆ 70 ಕೋಟಿ ಬಡ್ಡಿಯಿಲ್ಲದ ಸಾಲ. 1943ರಲ್ಲಿ, ಮಿತ್ರದೇಶಗಳಿಗೆ ಯುದ್ಧದ ಸಾಮಾನು ಕೊಡೋಕೆ ಮ್ಯೂಚುಯಲ್ ಏಡ್ (ಪರಸ್ಪರ ನೆರವು) ಕಾನೂನು ಬಂತು. ಆ ದುಡ್ಡು ತಿರುಗಿ ಕೆನಡಾದ ಕಾರ್ಖಾನೆಗಳಿಗೇ ಹೋಯಿತು. ಕೆನಡಾ ಕಟ್ಟಿದ ಮಿಲಿಟರಿ ಗಾಡಿಗಳು 8 ಲಕ್ಷಕ್ಕೂ ಜಾಸ್ತಿ.

ನಮ್ಮ ದೇಶದ ಲೆಕ್ಕ ಬೇರೆ, ಅದು ನೋವಿನ ಲೆಕ್ಕ. ಬ್ರಿಟನ್ ಪರವಾಗಿ ಇಲ್ಲಿ ಮಾಡಿದ ಖರ್ಚನ್ನು ಲಂಡನ್ನಿನಲ್ಲಿ ಪೌಂಡಿನ ಬಾಕಿ ಅಂತ ಬರೆದಿಟ್ಟರು. ಅದನ್ನೇ ಆಧಾರ ಮಾಡಿಕೊಂಡು ಇಲ್ಲಿ ನೋಟು ಹೊರಡಿಸಿದರು. ಬೆಲೆ ಏರಿತು, ಹೊಟ್ಟೆಗೆ ಹೊಡೆತ ಬಿದ್ದದ್ದು ನಮ್ಮ ಜನಕ್ಕೆ. ಯುದ್ಧ ಮುಗಿಯುವ ಹೊತ್ತಿಗೆ ಆ ಬಾಕಿ ಸುಮಾರು 130 ಕೋಟಿ ಪೌಂಡ್.

ಈಗ ಕೆಲಸಕ್ಕೆ ಬರೋಣ. ಈ 216 ಘನ ಇಂಚಿನ ಎಂಜಿನ್‌ನ ಕನೆಕ್ಟಿಂಗ್ ರಾಡಿಗೆ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡು) ಈಗಿನ ಹಾಗೆ ಬದಲಿಸುವ ಬೇರಿಂಗ್ ಇಲ್ಲ. ವೈಟ್ ಮೆಟಲ್ ಅನ್ನೋ ಮೆತ್ತನೆಯ ಮಿಶ್ರಲೋಹವನ್ನು ರಾಡಿನೊಳಗೇ ಎರಕ ಹೊಯ್ದಿರುತ್ತಾರೆ. ಆರರಲ್ಲಿ ಎರಡು ಬಿರಿದಿದ್ದವು. ಹಳೇದನ್ನು ಕರಗಿಸಿ ತೆಗೆದು, ರಾಡಿಗೆ ತವರ ಬಳಿದು, ಹೊಸದು ಹೊಯ್ದು, ಲೇತಿನಲ್ಲಿ ಬೋರ್ ಮಾಡಿಸಿದೆವು. ಆಮೇಲೆ ಕ್ಯಾಪಿನ ಕೆಳಗೆ ಶಿಮ್ ಅನ್ನೋ ತೆಳ್ಳನೆ ತಗಡಿನ ಚೂರು ಇಟ್ಟು, ತೆಗೆದು, ಮತ್ತೆ ಇಟ್ಟು, ಕೈಯಲ್ಲಿ ತಿರುಗಿಸಿ ಬಿಗಿ ನೋಡಬೇಕು. ಅದಕ್ಕೇ ಮೂರು ದಿನ. ಆಯಿಲ್ ಪ್ರೆಶರ್ ಕಡಿಮೆ ತೋರಿಸಿದರೆ ಗಾಬರಿ ಬೇಡ. ರಾಡಿನ ತುದಿಯ ಸೌಟು ಎಣ್ಣೆ ಮೊಗೆದುಕೊಳ್ಳುವ ಎಂಜಿನ್ ಇದು.

ಚಕ್ರದ ವಿಷಯ ಮಾತ್ರ ಯಾರೂ ಹಗುರವಾಗಿ ತಗೋಬೇಡಿ. ರಿಮ್ಮು ಎರಡು ಭಾಗ. ಹೊರಸುತ್ತಿನ ನಟ್ಟುಗಳು ಆ ಎರಡನ್ನು ಹಿಡಿದಿರುತ್ತವೆ, ಒಳಸುತ್ತಿನವು ಚಕ್ರವನ್ನು ಹಬ್‌ಗೆ, ಅಂದರೆ ಆಕ್ಸಲ್ ತುದಿಗೆ ಬಿಗಿಯುವಂಥವು. ನಮ್ಮ ಹುಡುಗ ಗಾಳಿ ಇದ್ದ ಟೈರಿಗೆ ಹೊರಸುತ್ತಿನ ಮೇಲೆ ಸ್ಪ್ಯಾನರ್ ಇಟ್ಟಿದ್ದ. ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ನಾನು ಕೂಗಿ ಕೈ ಹಿಡಿದೆ. ಪೂರಾ ಬಿಚ್ಚಿದ್ದರೆ ಕಬ್ಬಿಣ ಸಿಡಿದು ಅವನ ಎದೆಗೇ ಬರುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಮಾಡಿದ ಮೊದಲ ಕೆಲಸ, ಆ ನಟ್ಟುಗಳಿಗೆಲ್ಲ ಕೆಂಪು ಬಣ್ಣ ಬಳಿದದ್ದು.

ಕೊನೆಗೆ ಟಿಂಕರಿಂಗ್, ಪೇಂಟಿಂಗ್. ಬಾನೆಟ್ಟಿನ ಪಕ್ಕ ಉಜ್ಜಿದಾಗ ನೀಲಿ ಬಣ್ಣದ ಕೆಳಗೆ ಹಸಿರು, ಅದರ ಕೆಳಗೆ ಖಾಕಿ ಬಂತು. ಖಾಕಿಯ ಮೇಲೆ ಬಿಳಿಯಲ್ಲಿ ಎಲ್ ಅಕ್ಷರ, ಮುಂದೆ ಅರೆಬರೆ ಅಳಿದ ಅಂಕಿಗಳು. ಸೈನ್ಯದ ನಂಬರ್. ತೋಟದವರನ್ನು ಕರೆದು ತೋರಿಸಿದೆ. ಅವರು ಬೆರಳಿಂದ ಸವರಿ, "ಇದನ್ನ ಹಂಗೇ ಬಿಡಿ ಅಣ್ಣ" ಅಂದರು. ಉಳಿದದ್ದಕ್ಕೆಲ್ಲ ಹೊಸ ಬಣ್ಣ ಹೊಡೆದೆವು. ಆ ಒಂದು ಗೇಣು ಜಾಗಕ್ಕೆ ಬರೀ ವಾರ್ನಿಶ್.