ಬೆಂಗಳೂರಿನ ಗಾಳಿ ಎಷ್ಟು ಭಾರ ಎತ್ತಬಲ್ಲದು?

ಬಿಸಿಗಾಳಿ ಬಲೂನು ಯಾಕೆ ಮೇಲೇರುತ್ತದೆ ಅಂತ ಮಕ್ಕಳನ್ನು ಕೇಳಿ. "ಬಿಸಿಗಾಳಿ ಮೇಲೆ ಹೋಗುತ್ತೆ, ಅದಕ್ಕೆ" ಅನ್ನುತ್ತಾರೆ. ಉತ್ತರ ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಬಿಸಿಗಾಳಿಗೂ ತೂಕವಿದೆ, ಅದನ್ನೂ ಭೂಮಿ ಕೆಳಕ್ಕೇ ಎಳೆಯುತ್ತದೆ. ಬಲೂನನ್ನು ಎತ್ತುವುದು ಹೊರಗಿನ ತಣ್ಣನೆ ಗಾಳಿ. ಇದೊಂದು ಗೊತ್ತಾದರೆ ಸಾಕು, ಬೆಂಗಳೂರಿನ ಜಕ್ಕೂರು ಬಯಲಿನಿಂದ ಒಂದು ಬಲೂನು ಎಷ್ಟು ಜನರನ್ನು ಹೊತ್ತು ಏರಬಹುದು ಅಂತ ನೀವೇ ಲೆಕ್ಕ ಹಾಕಬಹುದು. ಕಾಗದ, ಪೆನ್ನು ಇಟ್ಟುಕೊಳ್ಳಿ.

ಬಾವಿಯಿಂದ ನೀರು ಸೇದಿದವರಿಗೆ ಇದು ಕೈಯಿಂದಲೇ ಗೊತ್ತು. ತುಂಬಿದ ಬಿಂದಿಗೆ ನೀರೊಳಗೆ ಇರುವಷ್ಟು ಹೊತ್ತು ಹಗುರ. ಮೇಲೆ ಬಂದ ತಕ್ಷಣ ಹಗ್ಗ ಕೈ ಜಗ್ಗುತ್ತದೆ. ಬಿಂದಿಗೆಯಲ್ಲಿದ್ದ ನೀರಿನ ತೂಕವೇನೂ ಬದಲಾಗಿಲ್ಲ. ಅಲ್ಲಿಯವರೆಗೆ ಸುತ್ತಲಿನ ನೀರು ಅದನ್ನು ಹೊತ್ತಿತ್ತು. ಆಳಕ್ಕೆ ಹೋದಷ್ಟೂ ಒತ್ತಡ ಜಾಸ್ತಿ. ಹಾಗಾಗಿ ಮೇಲಿನಿಂದ ಒತ್ತುವುದಕ್ಕಿಂತ ತಳದಿಂದ ತಳ್ಳುವುದೇ ಹೆಚ್ಚು. ಒಂದು ವಸ್ತು ಎಷ್ಟು ಜಾಗ ಹಿಡಿಯುತ್ತದೋ, ಅಷ್ಟು ಜಾಗದ ನೀರಿನ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ನೂಕುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಆರ್ಕಿಮಿಡೀಸ್ ಹೇಳಿದ್ದು ಇದನ್ನೇ. ಗಾಳಿಗೂ ಇದೇ ನಿಯಮ.

ಮೊದಲ ಹೆಜ್ಜೆ: ಹೊರಗಿನ ಗಾಳಿಯನ್ನು ತೂಗುವುದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಕಡಲತೀರಕ್ಕಿಂತ ಹೆಚ್ಚುಕಡಿಮೆ ಶೇ 10ರಷ್ಟು ಕಮ್ಮಿ. ಬೆಳಗಿನ ಹೊತ್ತು, 20 ಡಿಗ್ರಿ ಸೆಲ್ಸಿಯಸ್ ಇದ್ದಾಗ, ನಮ್ಮ ಊರಿನ ಒಂದು ಘನ ಮೀಟರ್ ಗಾಳಿ ಸುಮಾರು 1.08 ಕೆ.ಜಿ. ತೂಗುತ್ತದೆ. ಮೂರ್ನಾಲ್ಕು ಜನರನ್ನು ಹೊರುವ ಬಲೂನಿನ ಗಾತ್ರ 2,800 ಘನ ಮೀಟರ್ ಎಂದಿಟ್ಟುಕೊಳ್ಳಿ. ಗುಣಿಸಿದರೆ 3,024 ಕೆ.ಜಿ. ಬಲೂನು ಹಿಡಿದ ಜಾಗದಲ್ಲಿ ಮೊದಲು ಇದ್ದ ಗಾಳಿಯ ತೂಕ ಮೂರು ಟನ್! ಸುತ್ತಲಿನ ಗಾಳಿ ಬಲೂನನ್ನು ಮೇಲಕ್ಕೆ ತಳ್ಳುವುದು ಇಷ್ಟೇ ಬಲದಿಂದ. ಕಣ್ಣಿಗೆ ಕಾಣದ ಗಾಳಿಗೆ ಇಷ್ಟು ಭಾರವಿದೆ ಅಂದರೆ ಸುಮ್ನೆ ಮಾತಲ್ಲ.

ಎರಡನೇ ಹೆಜ್ಜೆ: ಒಳಗಿನ ಗಾಳಿಯನ್ನು ತೂಗುವುದು.

ಬಲೂನಿನ ಬಾಯಿ ತೆರೆದೇ ಇರುತ್ತದೆ. ಬರ್ನರ್ ಉರಿಸಿದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಜಾಗ ಸಾಲದೆ ಒಂದಷ್ಟು ಗಾಳಿ ಕೆಳಗಿನ ಬಾಯಿಯಿಂದ ಆಚೆ ಹೋಗುತ್ತದೆ. ಹೀಗೆ ಆಚೆ ಹೋದ ಗಾಳಿಯ ತೂಕವೇ ನಮಗೆ ಸಿಗುವ ಎತ್ತುವ ಶಕ್ತಿ. ಅದನ್ನು ಕಂಡುಹಿಡಿಯಲು ಎರಡೂ ಉಷ್ಣಾಂಶಗಳಿಗೆ 273 ಸೇರಿಸಿ ಕೆಲ್ವಿನ್ ಎಂಬ ಅಳತೆಗೆ ಬದಲಿಸಿ. ಈ ಅಳತೆಯಲ್ಲಿ ಉಷ್ಣಾಂಶ ಎಷ್ಟು ಪಟ್ಟು ಏರುತ್ತದೋ, ಗಾಳಿ ಅಷ್ಟೇ ಪಟ್ಟು ಹಿಗ್ಗುತ್ತದೆ. ಹೊರಗೆ 20 ಡಿಗ್ರಿ, ಅಂದರೆ 293. ಒಳಗೆ 100 ಡಿಗ್ರಿ, ಅಂದರೆ 373. 293ನ್ನು 373ರಿಂದ ಭಾಗಿಸಿದರೆ 0.786. ಒಳಗೆ ಉಳಿದದ್ದು ಶೇ 78.6, ಆಚೆ ಹೋದದ್ದು ಶೇ 21.4. ಮೂರು ಟನ್ನಿನಲ್ಲಿ ಅದು ಸುಮಾರು 650 ಕೆ.ಜಿ.

ಮೂರನೇ ಹೆಜ್ಜೆ ಸುಲಭ, ಕಳೆಯುವುದು. ನೈಲಾನ್ ಬಟ್ಟೆ, ಬುಟ್ಟಿ, ಬರ್ನರ್, ಪ್ರೊಪೇನ್ ತುಂಬಿದ ಸಿಲಿಂಡರ್‌ಗಳು ಎಲ್ಲ ಸೇರಿ 380 ಕೆ.ಜಿ. ಅಂತ ಹಿಡಿಯೋಣ. ಉಳಿಯುವುದು 270. ಪೈಲಟ್ ಸೇರಿ ಮೂರು ಜನ ಆರಾಮಾಗಿ ಹೋಗಬಹುದು. ಇದೇ ಬಲೂನನ್ನು ಮಂಗಳೂರಿನ ಕಡಲತೀರದಲ್ಲಿ, ಅದೇ 20 ಡಿಗ್ರಿಯಲ್ಲಿ ಹಾರಿಸಿದರೆ ಇನ್ನೊಬ್ಬರ ತೂಕವನ್ನೂ ಹೊರುತ್ತದೆ. ಅಲ್ಲಿನ ಗಾಳಿ ಅಷ್ಟು ದಟ್ಟ.

ಈಗ ಅದೇ ಲೆಕ್ಕವನ್ನು ಬೆಂಗಳೂರಿನ ಮಧ್ಯಾಹ್ನಕ್ಕೆ ಮಾಡಿ ನೋಡಿ. ಹೊರಗೆ 32 ಡಿಗ್ರಿ ಆದಾಗ ಹೊರಗಿನ ಗಾಳಿಯೇ ಹಗುರಾಗುತ್ತದೆ, ಒಳಗಿಗೂ ಹೊರಗಿಗೂ ಇದ್ದ ಅಂತರ ಕುಗ್ಗುತ್ತದೆ. ಎತ್ತುವ ಶಕ್ತಿ 530 ಕೆ.ಜಿ.ಗೆ ಇಳಿಯುತ್ತದೆ. ಸಾಮಾನು ಕಳೆದರೆ ಇಬ್ಬರಿಗಷ್ಟೇ ಜಾಗ. ಜೊತೆಗೆ ಬಿಸಿಲಿಗೆ ನೆಲ ಕಾದು ಗಾಳಿ ಅಡ್ಡಾದಿಡ್ಡಿ ಏಳುತ್ತದೆ. ಬಲೂನುಗಳು ಮುಂಜಾನೆಯೇ ಹೊರಡುವುದು ಇದಕ್ಕೇ.

ಹಾಗಾದರೆ ಪುಟ್ಟ ಬಲೂನು ಯಾಕೆ ಹಾರುವುದಿಲ್ಲ? ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಚದರ ಮೀಟರಿಗೆ 20 ಗ್ರಾಂ ತೂಗುವ ತೆಳು ಕಾಗದದಿಂದ ಎಲ್ಲ ಬದಿಯೂ ಒಂದೇ ಅಳತೆ ಇರುವ ಪೆಟ್ಟಿಗೆ ಆಕಾರದ ಬಲೂನು ಮಾಡಿ, ಹೊರಗೆ 20 ಡಿಗ್ರಿ ಇರುವಾಗ ಒಳಗಿನ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದಿರಿ ಅನ್ನೋಣ. ಆಗ ಒಂದು ಘನ ಮೀಟರ್‌ಗೆ ಸಿಗುವ ಎತ್ತುವ ಶಕ್ತಿ ಸುಮಾರು 130 ಗ್ರಾಂ. ಅರ್ಧ ಮೀಟರ್ ಅಗಲದ ಪೆಟ್ಟಿಗೆಗೆ 30 ಗ್ರಾಂ ಕಾಗದ ಬೇಕು, ಸಿಗುವ ಶಕ್ತಿ 16 ಗ್ರಾಂ ಮಾತ್ರ. ಏಳುವುದೇ ಇಲ್ಲ. ಒಂದು ಮೀಟರ್ ಅಗಲಕ್ಕೆ 120 ಗ್ರಾಂ ಕಾಗದ, 130 ಗ್ರಾಂ ಶಕ್ತಿ. ಹೇಗೋ ಏಳುತ್ತದೆ. ಎರಡು ಮೀಟರ್ ಮಾಡಿದರೆ? 480 ಗ್ರಾಂ ಕಾಗದ, 1,040 ಗ್ರಾಂ ಶಕ್ತಿ! ಅಗಲ ಎರಡು ಪಟ್ಟು ಮಾಡಿದರೆ ಕಾಗದ ನಾಲ್ಕು ಪಟ್ಟು ಬೇಕು, ಒಳಗಿನ ಜಾಗ ಎಂಟು ಪಟ್ಟು ಆಗುತ್ತದೆ. ಮನುಷ್ಯರನ್ನು ಹೊರುವ ಬಲೂನು ಐದಾರು ಮಹಡಿ ಎತ್ತರ ಇರಬೇಕಾಗುವುದು ಈ ಕಾರಣಕ್ಕೆ.

ಮನೆಯಲ್ಲೇ ಇದನ್ನು ನೋಡಬೇಕೆಂದರೆ ಬೇಕರಿಯಲ್ಲಿ ಕೊಡುವಂಥ ತೆಳು ಕಾಗದದ ಎರಡು ಚೀಲ ಸಾಕು. ಉದ್ದನೆಯ ತೆಳು ಕಡ್ಡಿಯ ಎರಡು ತುದಿಗೆ, ಬಾಯಿ ಕೆಳಗೆ ಬರುವಂತೆ ದಾರದಿಂದ ಅವನ್ನು ಕಟ್ಟಿ. ನಡುವೆ ಇನ್ನೊಂದು ದಾರ ಕಟ್ಟಿ ಕಡ್ಡಿಯನ್ನು ತೂಗುಹಾಕಿ, ತಕ್ಕಡಿಯಂತೆ ಸಮ ಮಾಡಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಕಾದ ದೋಸೆ ತವಾವನ್ನು ಒಲೆಯಿಂದ ಇಳಿಸಿ ಒಂದು ಚೀಲದ ಕೆಳಗೆ, ಗೇಣು ದೂರದಲ್ಲಿ ಹಿಡಿಯಿರಿ. ತವಾ ಹಿಡಿಯುವುದು ದೊಡ್ಡವರ ಕೆಲಸ. ಆ ಚೀಲ ನಿಧಾನಕ್ಕೆ ಏಳುತ್ತದೆ. ತವಾದಿಂದ ಏಳುವ ಗಾಳಿಯೂ ಸ್ವಲ್ಪ ತಳ್ಳುತ್ತದೆ ನಿಜ. ಅದಕ್ಕೇ ತವಾ ತೆಗೆದ ಮೇಲೂ ನೋಡುತ್ತಿರಿ. ಒಳಗಿನ ಗಾಳಿ ಆರುವವರೆಗೆ ಚೀಲ ಸ್ವಲ್ಪ ಹೊತ್ತು ಮೇಲೇ ಇರುತ್ತದೆ, ಆಮೇಲೆ ಇಳಿಯುತ್ತದೆ. ಆದರೆ ಉರಿಯುವ ಬತ್ತಿ ಇಟ್ಟು ಕಾಗದದ ಬಲೂನನ್ನು ತಾರಸಿಯಿಂದ ಹಾರಿಬಿಡಬೇಡಿ. ಎಲ್ಲಿ ಬೀಳುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ.

1783ರಲ್ಲಿ ಫ್ರಾನ್ಸಿನ ಮೊಂಗೊಲ್ಫಿಯೇ ಸಹೋದರರು ಬಲೂನು ಹಾರಿಸಿದಾಗ, ಅದನ್ನು ಎತ್ತುವುದು ಹೊಗೆಯಲ್ಲಿರುವ ವಿಶೇಷ ಅನಿಲ ಅಂತ ನಂಬಿದ್ದರು. ಆ ಸೆಪ್ಟೆಂಬರ್ 19ರಂದು ವರ್ಸೇಲ್ಸ್‌ನಲ್ಲಿ ಅವರ ಬಲೂನು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಹೊತ್ತು ಏರಿತು. ನವೆಂಬರ್ 21ರಂದು ಪ್ಯಾರಿಸ್‌ನಲ್ಲಿ ಇಬ್ಬರು ಮನುಷ್ಯರು ಹಾರಿದರು. ಹೊಗೆಗೆ ಅಂಥ ಶಕ್ತಿ ಏನೂ ಇಲ್ಲ, ಕೆಲಸ ಮಾಡಿದ್ದು ಶಾಖ.

ಇನ್ನು ಇಳಿಯುವುದು ಹೇಗೆ? ಬರ್ನರ್ ನಿಲ್ಲಿಸಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಹೊರಗಿನ ಗಾಳಿ ಬಾಯಿಯಿಂದ ಒಳಗೆ ಬಂದು ತೂಕ ಹೆಚ್ಚುತ್ತದೆ. ಬೇಗ ಇಳಿಯಬೇಕಾದರೆ ಪೈಲಟ್ ಹಗ್ಗ ಎಳೆದು ಬಲೂನಿನ ನೆತ್ತಿಯಲ್ಲಿರುವ ಮುಚ್ಚಳ ತೆರೆಯುತ್ತಾರೆ, ಬಿಸಿಗಾಳಿ ಆಚೆ ಹೋಗುತ್ತದೆ. ಎಡಕ್ಕೆ ಬಲಕ್ಕೆ ತಿರುಗಿಸಲು ಮಾತ್ರ ಬಲೂನಿನಲ್ಲಿ ಏನೂ ಇಲ್ಲ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸುತ್ತದೆ. ಬೇಕಾದ ಗಾಳಿ ಸಿಗುವ ಎತ್ತರಕ್ಕೆ ಏರಿಯೋ ಇಳಿದೋ ಪೈಲಟ್ ದಾರಿ ಹಿಡಿಯಬೇಕು. ಬರ್ನರ್ ಹಚ್ಚಿದ ಎಷ್ಟೋ ಸೆಕೆಂಡುಗಳ ಮೇಲೆ ಬಲೂನು ಏಳಲು ಶುರುಮಾಡುತ್ತದೆ. ಎರಡು ಟನ್‌ಗೂ ಜಾಸ್ತಿ ಗಾಳಿ ಕಾಯಬೇಕು, ಅಲ್ವಾ?