ಲ್ಯುಬ್ಲ್ಯಾನಾಗೆ ಮೂರು ದಿನ: ವಾರ ನೋಡಿ ಟಿಕೆಟ್ ಮಾಡಿ

ಲ್ಯುಬ್ಲ್ಯಾನಾಗೆ ಹೋಗಬೇಕು ಅನ್ನುವವರು ವಿಮಾನದ ದರ ನೋಡುವ ಮೊದಲು ಕ್ಯಾಲೆಂಡರ್ ನೋಡಬೇಕು. ಸ್ಲೊವೇನಿಯಾ ದೇಶದ ಈ ರಾಜಧಾನಿ ಪುಟ್ಟ ಊರು. ಜನಸಂಖ್ಯೆ ಸುಮಾರು 3 ಲಕ್ಷ, ಹೆಚ್ಚುಕಮ್ಮಿ ನಮ್ಮ ಶಿವಮೊಗ್ಗದಷ್ಟು. ಇಲ್ಲಿ ಶುಕ್ರವಾರ ಸಿಗುವುದು ಶನಿವಾರ ಸಿಗುವುದಿಲ್ಲ, ಭಾನುವಾರ ಕಾಣುವುದು ಸೋಮವಾರ ಇರುವುದಿಲ್ಲ. ದೊಡ್ಡ ಊರಲ್ಲಿ ಒಂದು ಕಡೆ ಬಾಗಿಲು ಹಾಕಿದ್ದರೆ ಇನ್ನೊಂದು ಕಡೆ ಹೋಗಬಹುದು. ಸಣ್ಣ ಊರಲ್ಲಿ ಆ ಅನುಕೂಲ ಇಲ್ಲ. ವಾರದ ಲೆಕ್ಕ ತಪ್ಪಿದರೆ ಊರಿನ ಅರ್ಧ ರುಚಿಯೇ ತಪ್ಪಿಹೋಗುತ್ತದೆ.

ಬ್ಲೆಡ್ ಸರೋವರಕ್ಕೆ ಹೋಗುವ ಟೂರ್ ಬಸ್ಸುಗಳು ದಾರಿಯಲ್ಲಿ ಇಲ್ಲಿ ಎರಡು ಗಂಟೆ ನಿಲ್ಲುತ್ತವೆ. ಜನ ಸೇತುವೆಯ ಮೇಲೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಈ ಊರಿಗೆ ಅದು ಏನೇನೂ ಸಾಲದು. ಮೂರು ರಾತ್ರಿ ಇಟ್ಟುಕೊಳ್ಳಿ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ

ಗುರುವಾರ ಸಂಜೆ ತಲುಪುವುದು, ಭಾನುವಾರ ರಾತ್ರಿ ಅಥವಾ ಸೋಮವಾರ ಬೆಳಗ್ಗೆ ಹೊರಡುವುದು. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ.

ಕಾರಣ ಇಷ್ಟೇ. ಮಾರ್ಚ್ ನಡುವಿನಿಂದ ಅಕ್ಟೋಬರ್‌ವರೆಗೆ ಪ್ರತಿ ಶುಕ್ರವಾರ ಮಾರುಕಟ್ಟೆಯ ಪಕ್ಕದ ಪೊಗಾಚಾರ್ ಚೌಕದಲ್ಲಿ 'ಓದ್‌ಪರ್ತಾ ಕುಹ್ನಾ' ಅಂದರೆ ಬಯಲು ಅಡುಗೆಮನೆ ನಡೆಯುತ್ತದೆ. ಊರಿನ, ಸುತ್ತಮುತ್ತಲಿನ ಹೋಟೆಲುಗಳ ಅಡುಗೆಯವರು ಒಲೆ, ಬಾಣಲೆ ತಂದು ಜನರ ಕಣ್ಣೆದುರೇ ಮಾಡಿ ಬಡಿಸುತ್ತಾರೆ. ಮಳೆ ಬಂದರೆ ಮಾತ್ರ ಇರುವುದಿಲ್ಲ. ಶನಿವಾರ ಬೆಳಗ್ಗೆ ರೈತರ ಮಾರುಕಟ್ಟೆ ಎಲ್ಲಾ ದಿನಕ್ಕಿಂತ ಜೋರು. ಭಾನುವಾರ ಮಾರುಕಟ್ಟೆಗೆ ರಜೆ. ಅಷ್ಟೇ ಅಲ್ಲ, 2020ರಲ್ಲಿ ಬಂದ ಕಾನೂನಿನಿಂದಾಗಿ ಅಂಗಡಿಗಳೂ ಮುಚ್ಚಿರುತ್ತವೆ. ಪೆಟ್ರೋಲ್ ಬಂಕ್, ನಿಲ್ದಾಣದೊಳಗಿನ ಸಣ್ಣ ಅಂಗಡಿಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹೋಟೆಲು, ಕೆಫೆ ತೆರೆದಿರುತ್ತವೆ, ಭಯ ಬೇಡ. ಸೋಮವಾರ ಅನೇಕ ಮ್ಯೂಸಿಯಂಗಳಿಗೆ ರಜೆ.

ತಿಂಗಳ ವಿಚಾರಕ್ಕೆ ಬಂದರೆ ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯವು. ಜೂನ್‌ನಲ್ಲಿ ರಾತ್ರಿ 9 ಗಂಟೆ ಹತ್ತಿರ ಬರುವವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಕತ್ತಲು. ಊರು ಬೋಗುಣಿಯಂಥ ತಗ್ಗಿನಲ್ಲಿದೆ, ಹಾಗಾಗಿ ಚಳಿಗಾಲದಲ್ಲಿ ಮಂಜು ಜಾಸ್ತಿ. ಯಾವ ತಿಂಗಳಾದರೂ ಕೊಡೆ ಇರಲಿ, ಇಲ್ಲಿ ಮಳೆ ಧಾರಾಳ.

ವೀಸಾ ಮತ್ತು ದಾರಿ

ಸ್ಲೊವೇನಿಯಾ 2007ರಿಂದ ಷೆಂಗೆನ್ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಸೇರಿದ್ದು. ಪ್ರಯಾಣಕ್ಕೆ 6 ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮೊದಲು ಹಾಕಲೇಬೇಕು. ಬೇಸಿಗೆಗೆ ಹೋಗುವವರು ಎರಡು ಮೂರು ತಿಂಗಳು ಮೊದಲೇ ಹಾಕುವುದು ಕ್ಷೇಮ. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾದ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು.

ಯಾವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದರಲ್ಲಿ ತುಂಬ ಜನಕ್ಕೆ ಗೊಂದಲ. ಜಾಸ್ತಿ ದಿನ ಎಲ್ಲಿರುತ್ತೀರೋ ಆ ದೇಶಕ್ಕೆ. ಎಲ್ಲಾ ಕಡೆ ಸಮ ದಿನ ಇದ್ದರೆ, ಮೊದಲು ಕಾಲಿಡುವ ದೇಶಕ್ಕೆ. ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಒಂದು ತಿಂಗಳ ಮಟ್ಟಿಗೆ ಹೋಗುವ ಅಪ್ಪ ಅಮ್ಮ ಜರ್ಮನಿಯ ವೀಸಾ ಮಾಡಿಸಿದರೆ ಸಾಕು, ಅದರಲ್ಲೇ ಲ್ಯುಬ್ಲ್ಯಾನಾಗೂ ಬಂದುಹೋಗಬಹುದು. ಅಂಥವರಿಗೆ ಈ ಊರು ಹೇಳಿ ಮಾಡಿಸಿದ ಹಾಗಿದೆ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್ ಕಡೆಯಿಂದ ಬರುವ ರೈಲು ಆಲ್ಪ್ಸ್ ಪರ್ವತಗಳ ನಡುವೆ ಹಾದು ಸುಮಾರು 6 ಗಂಟೆಯಲ್ಲಿ ತಲುಪಿಸುತ್ತದೆ. ಕಿಟಕಿಯ ಸೀಟು ಹಿಡಿಯಿರಿ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಫ್ರಾಂಕ್‌ಫರ್ಟ್‌ನಂಥ ಕಡೆ ಇಳಿದು ಬೇರೆ ವಿಮಾನ ಹತ್ತಬೇಕು. ವೆನಿಸ್ ಅಥವಾ ಜಾಗ್ರೆಬ್‌ವರೆಗೆ ಹಾರಿ, ಅಲ್ಲಿಂದ ಬಸ್ಸಿನಲ್ಲಿ ಬರುವುದೂ ಸುಲಭ. ಕ್ರೊಯೇಷಿಯಾ 2023ರಲ್ಲಿ ಷೆಂಗೆನ್ ಸೇರಿದ್ದರಿಂದ ಜಾಗ್ರೆಬ್‌ಗೆ ಬೇರೆ ವೀಸಾ ಬೇಡ. ಆದರೆ ಷೆಂಗೆನ್ ಒಳಗೂ ಗಡಿಯಲ್ಲಿ ಬಸ್ ನಿಲ್ಲಿಸಿ ದಾಖಲೆ ನೋಡುವುದು ಈಚೆಗೆ ಜಾಸ್ತಿಯಾಗಿದೆ. ಪಾಸ್‌ಪೋರ್ಟ್ ಸೂಟ್‌ಕೇಸಿನಲ್ಲಿ ಇಡಬೇಡಿ, ಕೈಚೀಲದಲ್ಲಿರಲಿ. ಟಿಕೆಟ್ ಮಾಡುವಾಗ ಸ್ಲೊವೇನಿಯಾ ಮತ್ತು ಸ್ಲೊವಾಕಿಯಾ ಬೇರೆ ಬೇರೆ ಅನ್ನುವುದೂ ನೆನಪಿರಲಿ.

ಎಲ್ಲಿ ಉಳಿಯುವುದು, ಹೇಗೆ ಓಡಾಡುವುದು

ರೈಲು ನಿಲ್ದಾಣದಿಂದ ಊರ ನಡುವಿನ ಪ್ರೆಷೆರೆನ್ ಚೌಕಕ್ಕೆ ಹದಿನೈದು ನಿಮಿಷದ ನಡಿಗೆ. ಈ ಎರಡರ ನಡುವೆ ಎಲ್ಲೇ ಉಳಿದರೂ ಸರಿ. ಹಳೇ ಊರಿನ ಒಳಗೆ ಕಾರು ಬಿಡುವುದಿಲ್ಲ, ಆದ್ದರಿಂದ ಟ್ಯಾಕ್ಸಿಯವರು ಅಂಚಿನಲ್ಲಿ ಇಳಿಸುತ್ತಾರೆ. ಸೂಟ್‌ಕೇಸ್ ಎಳೆಯುವುದು ಕಷ್ಟ ಅನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ರೂಮು ಆರಿಸಿ.

ವಯಸ್ಸಾದವರ ಜೊತೆ ಹೋಗುವವರಿಗೆ ಒಂದು ಮಾತು. 'ಕವಾಲಿರ್' ಎಂಬ ಪುಟ್ಟ ಎಲೆಕ್ಟ್ರಿಕ್ ಗಾಡಿಗಳು ಹಳೇ ಊರಿನೊಳಗೆ ಓಡಾಡುತ್ತವೆ. ನಗರಾಡಳಿತವೇ ಓಡಿಸುವ ಈ ಗಾಡಿಗಳು ಪೂರ್ತಿ ಉಚಿತ. ಫೋನ್ ಮಾಡಿ ಕರೆಸಬಹುದು, ದಾರಿಯಲ್ಲಿ ಕೈ ತೋರಿಸಿದರೂ ನಿಲ್ಲಿಸುತ್ತಾರೆ. ನಡೆಯುವವರ ವೇಗದಲ್ಲೇ ಹೋಗುವುದರಿಂದ ಹತ್ತಿ ಇಳಿಯುವುದಕ್ಕೆ ಗಡಿಬಿಡಿ ಇಲ್ಲ. ಮಂಡಿ ನೋವಿನ ಅಮ್ಮಂದಿರನ್ನು ಕರೆದುಕೊಂಡು ಯುರೋಪಿನಲ್ಲಿ ತಿರುಗಿದವರಿಗೆ ಇದರ ಬೆಲೆ ಗೊತ್ತು.

ದೂರ ಹೋಗುವುದಾದರೆ ಸಿಟಿ ಬಸ್. ಡ್ರೈವರ್‌ಗೆ ನಗದು ಕೊಡುವ ಪದ್ಧತಿ ಇಲ್ಲ. 'ಉರ್ಬಾನಾ' ಅನ್ನುವ ಕಾರ್ಡ್ ತೆಗೆದುಕೊಂಡು ದುಡ್ಡು ತುಂಬಿಸಿಕೊಳ್ಳಿ. ಎಟಿಎಂ ಯಂತ್ರ ರೂಪಾಯಿ ಲೆಕ್ಕ ಬೇಕಾ ಎಂದು ಕೇಳಿದರೆ ಬೇಡ ಅನ್ನಿ, ಯೂರೋದಲ್ಲೇ ಇರಲಿ. ಇಲ್ಲದಿದ್ದರೆ ವಿನಿಮಯ ದರದಲ್ಲಿ ಸುಮ್ನೆ ನಷ್ಟ.

ಶುಕ್ರವಾರ: ಒಬ್ಬನೇ ಮನುಷ್ಯನ ಜಾಡು ಹಿಡಿದು

ಈ ಊರನ್ನು ನೋಡುವುದಕ್ಕೆ ಸರಿಯಾದ ದಾರಿ ಎಂದರೆ ಯೋಝೆ ಪ್ಲೆಚ್ನಿಕ್ ಅವರ ಕೆಲಸವನ್ನು ಹಿಂಬಾಲಿಸುವುದು. 1872ರಲ್ಲಿ ಇಲ್ಲೇ ಹುಟ್ಟಿದ ಈ ವಾಸ್ತುಶಿಲ್ಪಿ ವಿಯೆನ್ನಾ, ಪ್ರಾಗ್‌ಗಳಲ್ಲಿ ಹೆಸರು ಮಾಡಿ, 1921ರಲ್ಲಿ ಊರಿಗೆ ವಾಪಸು ಬಂದು ಪಾಠ ಹೇಳತೊಡಗಿದರು. 1957ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸೇತುವೆ, ಮಾರುಕಟ್ಟೆ, ಲೈಬ್ರರಿ, ನದಿಯ ದಡ, ಸ್ಮಶಾನ ಎಲ್ಲದರ ಮೇಲೂ ಅವರ ಕೈ ಆಡಿತ್ತು. 2021ರಲ್ಲಿ ಇಲ್ಲಿನ ಅವರ ಕೆಲಸ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅರಮನೆ ಕಟ್ಟಿ ಹೆಸರು ಮಾಡಿದವರು ಬಹಳ. ಜನ ದಿನಾ ಓಡಾಡುವ ಜಾಗಗಳನ್ನು ಇಷ್ಟು ಮುತುವರ್ಜಿಯಿಂದ ಕಟ್ಟಿದವರು ಅಪರೂಪ.

ಬೆಳಗ್ಗೆ ಪ್ರೆಷೆರೆನ್ ಚೌಕದಿಂದ ಹೊರಡಿ. ಅಲ್ಲಿರುವುದು ಕವಿ ಫ್ರಾನ್ಸೆ ಪ್ರೆಷೆರೆನ್ ಪ್ರತಿಮೆ. ಸ್ಲೊವೇನಿಯಾದ ರಾಷ್ಟ್ರಗೀತೆ ಅವರ ಕವಿತೆಯೊಂದರ ಚರಣ. ಅವರು ತೀರಿಕೊಂಡ ಫೆಬ್ರವರಿ 8 ಇಡೀ ದೇಶಕ್ಕೆ ಸಂಸ್ಕೃತಿಯ ಹಬ್ಬ, ಸರ್ಕಾರಿ ರಜೆ. ಪ್ರತಿಮೆಯ ಕಣ್ಣು ಹೋಗುವ ಕಡೆ ನೀವೂ ನೋಡಿ. ಎದುರಿನ ವೊಲ್ಫೋವಾ ಬೀದಿಯ ಮನೆಯೊಂದರ ಗೋಡೆಯಲ್ಲಿ, ಕಿಟಕಿಯ ಚೌಕಟ್ಟಿನೊಳಗೆ ಒಬ್ಬ ಹೆಣ್ಣುಮಗಳ ಉಬ್ಬುಶಿಲ್ಪ ಇದೆ. ಅವಳು ಯೂಲಿಯಾ, ಕವಿಗೆ ದಕ್ಕದ ಪ್ರೇಮ.

ಚೌಕಕ್ಕೆ ಅಂಟಿಕೊಂಡೇ ತ್ರಿವಳಿ ಸೇತುವೆ. ನಡುವಿನದು 1842ರದ್ದು. ಗಾಡಿಗಳ ಓಡಾಟ ಹೆಚ್ಚಿ ಇಕ್ಕಟ್ಟಾದಾಗ, ಹಳೆಯದನ್ನು ಕೆಡವದೆ ಅದರ ಎರಡೂ ಪಕ್ಕಕ್ಕೆ ನಡೆಯುವವರಿಗಾಗಿ ಒಂದೊಂದು ಸೇತುವೆ ಕಟ್ಟಿದರು ಪ್ಲೆಚ್ನಿಕ್. ಅಲ್ಲಿಂದ ನೀರಿನ ಹತ್ತಿರಕ್ಕೆ ಮೆಟ್ಟಿಲು ಇಳಿಯುತ್ತವೆ. ದಾಟಿ ಎಡಕ್ಕೆ ತಿರುಗಿದರೆ ನದಿಯುದ್ದಕ್ಕೂ ಕಂಬಗಳ ಸಾಲಿನ ಮಾರುಕಟ್ಟೆ, ಅದರ ಕೊನೆಯಲ್ಲಿ ಡ್ರ್ಯಾಗನ್ ಸೇತುವೆ. 1895ರ ಭೂಕಂಪದಲ್ಲಿ ಊರಿಗೆ ಭಾರೀ ಹಾನಿಯಾದ ಮೇಲೆ, 1901ರಲ್ಲಿ ತೆರೆದ ಕಾಂಕ್ರೀಟ್ ಸೇತುವೆ ಇದು. ನಾಲ್ಕು ಮೂಲೆಗೂ ರೆಕ್ಕೆ ಬಿಚ್ಚಿದ ನಾಲ್ಕು ಡ್ರ್ಯಾಗನ್‌ಗಳು. ಡ್ರ್ಯಾಗನ್ ಈ ಊರಿನ ಲಾಂಛನ.

ಮಧ್ಯಾಹ್ನ ಬಯಲು ಅಡುಗೆಮನೆಯಲ್ಲಿ ಊಟ ಮುಗಿಸಿ ರಾಷ್ಟ್ರೀಯ ಲೈಬ್ರರಿಗೆ ಹೋಗಿ. ಇದನ್ನು ದಯವಿಟ್ಟು ಬಿಡಬೇಡಿ. ಹೊರಗೋಡೆಯಲ್ಲಿ ಕೆಂಪು ಇಟ್ಟಿಗೆಯ ನಡುನಡುವೆ ಒರಟು ಕಲ್ಲುಗಳು ಮುಂದಕ್ಕೆ ಚಾಚಿಕೊಂಡಿವೆ. ಬಾಗಿಲಿನ ಹಿಡಿಕೆ ಕುದುರೆಯ ತಲೆ. ಅದನ್ನು ಹಿಡಿದು ಒಳಗೆ ಕಾಲಿಟ್ಟರೆ ಕಪ್ಪು ಕಲ್ಲಿನ 32 ಕಂಬಗಳ ನಡುವೆ ಮೇಲಕ್ಕೇರುವ ಮೆಟ್ಟಿಲು, ಮಬ್ಬುಗತ್ತಲು. ಹತ್ತುತ್ತ ಹತ್ತುತ್ತ ಬೆಳಕು ಜಾಸ್ತಿಯಾಗುತ್ತದೆ. ಮೇಲಿನ ಓದುವ ಕೋಣೆಗೆ ಬಂದರೆ ಎರಡೂ ಕಡೆ ಎತ್ತರದ ಕಿಟಕಿ, ಕೋಣೆ ತುಂಬ ಬೆಳಕು. ಓದು ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಕರೆದೊಯ್ಯುತ್ತದೆ ಅನ್ನುವುದನ್ನು ಪ್ಲೆಚ್ನಿಕ್ ಕಲ್ಲಿನಲ್ಲೇ ಹೇಳಿದ್ದಾರೆ. ವಿದ್ಯಾರ್ಥಿಗಳು ಓದುವ ಜಾಗ ಆದ್ದರಿಂದ ಆ ಕೋಣೆಗೆ ಪ್ರವಾಸಿಗರನ್ನು ಎಲ್ಲಾ ಹೊತ್ತು ಬಿಡುವುದಿಲ್ಲ. ಹೊರಡುವ ಮೊದಲು ಸಮಯ ವಿಚಾರಿಸಿಕೊಳ್ಳಿ. ಸಂಜೆ ಕಾಲಿಗೆ ಶಕ್ತಿ ಉಳಿದಿದ್ದರೆ ತ್ರ್‌ನೊವೊ ಬಡಾವಣೆಯವರೆಗೆ ನಡೆಯಿರಿ. ಅಲ್ಲಿ ಸೇತುವೆಯ ಮೇಲೇ ಮರಗಳು ಬೆಳೆದಿವೆ, ಹತ್ತಿರದಲ್ಲೇ ಪ್ಲೆಚ್ನಿಕ್ ಅವರ ಮನೆ ಇದೆ. ಆ ಮನೆಯೊಳಗೆ ಗೈಡ್ ಜೊತೆಗೇ ಹೋಗಬೇಕು, ಸಣ್ಣ ಗುಂಪುಗಳು. ಮೊದಲೇ ಬುಕ್ ಮಾಡಿ.

ಗುಡ್ಡದ ಮೇಲಿನ ಕೋಟೆಗೆ ಹಳಿಯ ಮೇಲೆ ಏರುವ ಕೇಬಲ್ ಗಾಡಿ ಇದೆ, ನಡೆದೂ ಹತ್ತಬಹುದು. ಅಂಗಳಕ್ಕೆ ಟಿಕೆಟ್ ಇಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಹೋಗಿ.

ಸಸ್ಯಾಹಾರಿಗಳಿಗೆ

ಉಪವಾಸ ಬೀಳುವ ಪ್ರಮೇಯ ಇಲ್ಲ. ಆದರೆ ಕೇಳಿ ತಿನ್ನಬೇಕು. 'ಶ್ಟ್ರುಕ್ಲಿ' ಅಂದರೆ ಹಿಟ್ಟಿನ ಹಾಳೆಯೊಳಗೆ ಗಿಣ್ಣಿನ ಥರದ ಚೀಸ್, ವಾಲ್‌ನಟ್, ಸೇಬು ಇಟ್ಟು ಸುತ್ತಿ ಬೇಯಿಸಿದ ತಿಂಡಿ. ಖಾರದ್ದಲ್ಲ, ಆದರೆ ಬಿಸಿಬಿಸಿಯಾಗಿ ಬಹಳ ಚೆನ್ನ. ಬುರೆಕ್ ಎಂಬ ಹೂರಣ ತುಂಬಿದ ಪದರ ಪೇಸ್ಟ್ರಿ ಕೊಳ್ಳುವಾಗ 'ಸಿರೋವ್' ಕೇಳಿ, ಅದು ಚೀಸ್ ಹಾಕಿದ್ದು. 'ಮೆಸ್ನಿ' ಅಂದರೆ ಮಾಂಸದ್ದು. ಯೊತಾ ಎಂಬ ಹುರುಳಿಕಾಯಿ ಬೀಜ, ಹುಳಿ ಎಲೆಕೋಸಿನ ಸೂಪ್ ನೋಡಿದರೆ ಸಸ್ಯಾಹಾರ ಅನ್ನಿಸುತ್ತದೆ. ಹೊಗೆಯಲ್ಲಿ ಒಣಗಿಸಿದ ಮಾಂಸ ಹಾಕಿ ಮಾಡುವುದೇ ಹೆಚ್ಚು. 'ಬ್ರೆಜ್ ಮೆಸಾ' ಅಂದರೆ ಮಾಂಸ ಇಲ್ಲದ್ದು. ಈ ಎರಡು ಪದ ಬಾಯಿಪಾಠ ಮಾಡಿ. ಕೇಕ್, ಪೇಸ್ಟ್ರಿಗಳಲ್ಲಿ ಮೊಟ್ಟೆ ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ನೀರಿನ ಬಾಟಲಿಗೆ ದುಡ್ಡು ಹಾಕಬೇಡಿ, ನಲ್ಲಿ ನೀರೇ ಕುಡಿಯುವ ನೀರು.

ಶನಿವಾರ: ಊರಾಚೆ ಒಂದೇ ಜಾಗ

ಒಂದೇ ಜಾಗ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಬ್ಲೆಡ್ ಮತ್ತು ಪೊಸ್ತೊಯ್ನಾ ಗುಹೆ ಎರಡನ್ನೂ ಒಂದೇ ದಿನಕ್ಕೆ ತುರುಕುವ ಟೂರ್‌ಗಳಿವೆ. ಎರಡೂ ಊರುಗಳು ಲ್ಯುಬ್ಲ್ಯಾನಾದ ಎರಡು ದಿಕ್ಕಿನಲ್ಲಿವೆ. ಎರಡನ್ನೂ ಅರ್ಧಂಬರ್ಧ ನೋಡಿ ದಣಿದು ಬರುತ್ತೀರಿ.

ಬ್ಲೆಡ್ ಸರೋವರಕ್ಕೆ ಬಸ್ ಒಳ್ಳೆಯದು, ಒಂದೂಕಾಲು ಗಂಟೆಯಷ್ಟು ದಾರಿ. ರೈಲಿನಲ್ಲಿ ಹೋದರೆ ಲೆಸ್ತ್ಸೆ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಸರೋವರ ಇನ್ನೂ ಸುಮಾರು 4 ಕಿಲೋಮೀಟರ್. ಕೆರೆಯ ಸುತ್ತ 6 ಕಿಲೋಮೀಟರ್ ಸಮತಟ್ಟಾದ ಕಾಲುದಾರಿ. ನಡುವಿನ ದ್ವೀಪಕ್ಕೆ ದೋಣಿಯಲ್ಲಿ ಹೋದರೆ ಚರ್ಚ್‌ಗೆ 99 ಮೆಟ್ಟಿಲು ಹತ್ತಬೇಕು.

ಗುಹೆ ನೋಡುವ ಆಸೆ ಇದ್ದರೆ ಕಾಲು ನೋಡಿ ಆರಿಸಿ. ಪೊಸ್ತೊಯ್ನಾದಲ್ಲಿ ಗುಹೆಯೊಳಗೇ ಪುಟ್ಟ ರೈಲು ಓಡುತ್ತದೆ, ನಡಿಗೆ ಒಂದೂವರೆ ಕಿಲೋಮೀಟರ್ ಅಷ್ಟೇ. ಮಕ್ಕಳು, ಹಿರಿಯರು ಇರುವವರಿಗೆ ಅದೇ ಸರಿ. ಷ್ಕೊತ್ಸ್ಯಾನ್ ಗುಹೆಗಳಲ್ಲಿ ರೈಲಿಲ್ಲ, ನೂರಾರು ಮೆಟ್ಟಿಲು ಹತ್ತಿ ಇಳಿಯಬೇಕು. ಆದರೆ ನೆಲದಡಿಯಲ್ಲಿ ಹರಿಯುವ ನದಿಯನ್ನು 40 ಮೀಟರಿಗೂ ಹೆಚ್ಚು ಎತ್ತರದ ಸೇತುವೆಯ ಮೇಲಿಂದ ನೋಡುವ ಅನುಭವಕ್ಕೆ ಸಾಟಿಯಿಲ್ಲ. ನನ್ನ ಮತ ಷ್ಕೊತ್ಸ್ಯಾನ್‌ಗೆ. ಯಾವುದಕ್ಕೆ ಹೋದರೂ ಸ್ವೆಟರ್ ಬೇಕು, ಬೇಸಿಗೆಯಲ್ಲೂ ಒಳಗೆ 10ರಿಂದ 12 ಡಿಗ್ರಿ.

ಭಾನುವಾರ, ಮತ್ತೆ ಹೊರಡುವುದು

ಬೆಳಗ್ಗೆ ನದಿಯ ಬ್ರೆಗ್ ದಡದಲ್ಲಿ ಹಳೇ ಸಾಮಾನುಗಳ ಸಂತೆ ಸೇರುತ್ತದೆ. ಹಳೇ ನಾಣ್ಯ, ಯುಗೊಸ್ಲಾವಿಯಾ ಕಾಲದ ಬ್ಯಾಡ್ಜು, ಗಡಿಯಾರ, ಪೋಸ್ಟ್‌ಕಾರ್ಡು ಎಲ್ಲಾ ಸಿಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಎತ್ತಿಬಿಡುತ್ತಾರೆ.

ಆಮೇಲೆ ಸಮಯ ಇದ್ದರೆ 'ಪೊತ್' ದಾರಿಯ ಒಂದು ತುಂಡನ್ನಾದರೂ ನಡೆಯಿರಿ. ಎರಡನೇ ಮಹಾಯುದ್ಧದಲ್ಲಿ, 1942ರ ಫೆಬ್ರವರಿಯಲ್ಲಿ, ಇಟಲಿಯ ಸೇನೆ ಇಡೀ ಊರಿನ ಸುತ್ತ ಮುಳ್ಳುತಂತಿ ಬಿಗಿಯಿತು. ಹೊರಗಿನ ಹೋರಾಟಗಾರರಿಗೆ ಊರೊಳಗಿನವರ ನೆರವು ಸಿಗಬಾರದು ಎಂದು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾಗುವವರೆಗೆ ಜನ ಆ ಬೇಲಿಯೊಳಗೇ ಬದುಕಿದರು. ಬೇಲಿ ಇದ್ದ ಜಾಡಿನಲ್ಲೇ ಈಗ ಮರಗಳ ನೆರಳಿನ 30 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುದಾರಿ ಇದೆ. ಪ್ರವಾಸಿಗರು ಕಡಿಮೆ. ಊರಿನವರು ನಾಯಿ, ಮಕ್ಕಳ ಜೊತೆ ನಡೆಯುತ್ತಿರುತ್ತಾರೆ.

ವಿಮಾನ ನಿಲ್ದಾಣ ಬ್ರ್‌ನಿಕ್‌ನಲ್ಲಿದೆ, ಊರಿನಿಂದ ಸುಮಾರು 25 ಕಿಲೋಮೀಟರ್. ಶನಿವಾರ, ಭಾನುವಾರ ಅಲ್ಲಿಗೆ ಬಸ್ಸುಗಳು ಕಡಿಮೆ. ಹಿಂದಿನ ದಿನವೇ ವೇಳಾಪಟ್ಟಿ ನೋಡಿಕೊಳ್ಳಿ, ಇಲ್ಲವೇ ಹಂಚಿಕೊಂಡು ಹೋಗುವ ವ್ಯಾನಿನಲ್ಲಿ ಸೀಟು ಹಿಡಿದಿಡಿ. ಊರಿಗೆ ತರುವ ಜೇನುತುಪ್ಪ, ಕರಾವಳಿ ಊರು ಪಿರಾನ್‌ನ ಸಮುದ್ರದ ಉಪ್ಪು ಇವೆಲ್ಲ ಶನಿವಾರವೇ ಕೊಂಡಿರಬೇಕು. ಬ್ಲೆಡ್‌ಗೆ ಹೊರಡುವ ಮೊದಲು ಮಾರುಕಟ್ಟೆಗೆ ಒಂದು ಗಂಟೆ ಕೊಟ್ಟರೆ ಸಾಕು. ಜೇನಿನ ಬಾಟಲಿ ಚೆಕ್‌ಇನ್ ಬ್ಯಾಗಿನಲ್ಲೇ ಇರಲಿ, ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ಬಿಡುವುದಿಲ್ಲ.